ಅಮಾಸಿಯಿಂದ ಹುಣ್ಣಿಮೆವರೆಗೆ ರಜೆ ಕೊಡಬಹುದಾ? ಮುಧೋಳ ಕಡೆಯ ಹುಡುಗ, ಅವನ ಮೆದುಳಿನ ಗಡ್ಡೆ ಮತ್ತು 30 ಡೋಸ್ ರೇಡಿಯೇಷನ್

ಮುಧೋಳ ತಾಲೂಕಿನ ಎಂಟು ವರ್ಷದ ಹುಡುಗ. ಮೆದುಳಿನ ಗಡ್ಡೆಯ ಆಪರೇಷನ್ ಆಗಿದೆ. ಬೆಳಗಾವಿಯಲ್ಲಿ ರೇಡಿಯೇಷನ್ ಶುರುವಾಗಿ ಏಳು ಡೋಸ್ ಮುಗಿದಿವೆ. ಇನ್ನೂ ಇಪ್ಪತ್ಮೂರು ಬಾಕಿ. ಆ ಶುಕ್ರವಾರ ಅವನ ಅಪ್ಪ ನಮ್ಮ ರೇಡಿಯೇಷನ್ ಒಪಿಡಿಗೆ ಬಂದು ನನ್ನನ್ನು ಕೇಳಿದರು: "ಮೇಡಂ, ಎಳ್ಳಮಾಸಿಗೆ ಊರಿಗೆ ಹೋಗಿ ಬನದ ಹುಣ್ಣಿಮಿ ಮುಗಿಸ್ಕೊಂಡ ಬರ್ತೀವ್ರಿ. ಹದಿನೈದ ದಿನ ಅಷ್ಟರಿ. ಬಂದ ಮ್ಯಾಲ ಉಳದದ್ದು ಕೊಡ್ರಿ."

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಹುಡುಗ ಆರಾಮಾಗಿದ್ದ. ಗಡ್ಡೆ ಪೂರ್ತಿ ತೆಗೆದಿದ್ದೇವೆ ಅಂತ ಸರ್ಜನ್ ಹೇಳಿದ್ದರು. ಹೊಲದಲ್ಲಿ ಚರಗ ಚೆಲ್ಲಬೇಕು, ಕಬ್ಬು ಕಡಿಯುವ ಗ್ಯಾಂಗ್ ಯಾವಾಗ ಬೇಕಾದರೂ ಬರಬಹುದು, ಅಜ್ಜಿ ಬನಶಂಕರಿಗೆ ಹರಕೆ ಹೊತ್ತಿದ್ದಾರೆ. "ಆಗಲ್ಲ" ಅಂತ ಒಂದೇ ಮಾತಲ್ಲಿ ಹೇಳಿದರೆ ಅವರು ಸುಮ್ನೆ ತಲೆಯಾಡಿಸಿ, ಮರುದಿನ ಬಸ್ಸು ಹತ್ತುತ್ತಾರೆ. ಅಂಥದ್ದು ನಮ್ಮಲ್ಲಿ ಆಗುತ್ತಲೇ ಇರುತ್ತದೆ. ಯಾಕೆ ಆಗಲ್ಲ ಅನ್ನುವುದಕ್ಕೆ ಉತ್ತರ ಗಡ್ಡೆಯ ಜೀವಕೋಶದೊಳಗೇ ಇದೆ. ಆ ಮನೆಯವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮನೆಯಲ್ಲಿ ಅವನನ್ನು ತಮ್ಮ ಅಂತ ಕರೆಯುತ್ತಾರೆ, ಇಲ್ಲೂ ಹಾಗೇ ಇರಲಿ.

ಗೊತ್ತಾದ ಬಗೆ

ಗಣೇಶ ಚೌತಿ ಹೊತ್ತಿಗೆ ತಲೆನೋವು ಶುರುವಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ವಾಂತಿ. ವಾಂತಿಯಾದ ಮೇಲೆ ಆರಾಮ, ಶಾಲೆಗೂ ಹೋಗುತ್ತಿದ್ದ. ಪಿತ್ತ ಅಂತ ಗುಳಿಗೆ ಕೊಟ್ಟರು, ಹುಳದ ಔಷಧಿ ಕೊಟ್ಟರು. ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದ್ದರೆ ರಾತ್ರಿ ಮಲಗಿದಾಗ ಅದು ಇನ್ನಷ್ಟು ಏರುತ್ತದೆ. ಬೆಳಗಿನ ವಾಂತಿಗೆ ಅದೇ ಕಾರಣ. ಆದರೆ ವಾಂತಿ ಮಾಡುವ ನೂರಾರು ಮಕ್ಕಳಲ್ಲಿ ಗಡ್ಡೆ ಇರುವುದು ಎಲ್ಲೋ ಒಬ್ಬರಿಗೆ. ಹಾಗಾಗಿ ಊರಿನ ಡಾಕ್ಟರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ.

ದಸರೆಯಲ್ಲಿ ಬನ್ನಿ ಕೊಡಲು ಬಂದ ಅತ್ತೆಗೆ ಮೊದಲು ಅನುಮಾನ ಬಂತು. ಹುಡುಗ ಕಾಲು ಅಗಲಿಸಿ, ಗೋಡೆ ಹಿಡಿದು ನಡೆಯುತ್ತಿದ್ದ. ಬಾಗಲಕೋಟೆಯ ಕಣ್ಣಿನ ಡಾಕ್ಟರು ಕಣ್ಣಿನ ಹಿಂಭಾಗ ನೋಡಿ, ನರ ಊದಿದೆ ಅಂತ ಅದೇ ದಿನ ಸ್ಕ್ಯಾನ್‌ಗೆ ಕಳಿಸಿದರು. ತಲೆಯ ಹಿಂಭಾಗದಲ್ಲಿ, ಚಿಕ್ಕಮೆದುಳಿನ ನಡುವೆ, ಸುಮಾರು ನಾಲ್ಕು ಸೆಂಟಿಮೀಟರ್ ಗಡ್ಡೆ. ಮೆದುಳಿನ ನೀರು ಹರಿಯುವ ದಾರಿಯನ್ನೇ ಅದು ಮುಚ್ಚಿತ್ತು.

ದೀಪಾವಳಿ ಆದ ಮೇಲೆ ಬೆಳಗಾವಿಯಲ್ಲಿ ಆಪರೇಷನ್. ಎರಡು ದಿನದೊಳಗೆ ಮಾಡಿದ ಎಂಆರ್‌ಐನಲ್ಲಿ ಗಡ್ಡೆ ಉಳಿದಿರಲಿಲ್ಲ. ಆದರೆ ಮರುದಿನದಿಂದ ತಮ್ಮ ಮಾತು ನಿಲ್ಲಿಸಿದ. ಕಣ್ಣು ಬಿಟ್ಟು ನೋಡುತ್ತಾನೆ, ಸಣ್ಣ ಧ್ವನಿಯಲ್ಲಿ ಅಳುತ್ತಾನೆ, ಮಾತಿಲ್ಲ. ಚಿಕ್ಕಮೆದುಳಿನ ನಡುಭಾಗದ ಇಂಥ ಆಪರೇಷನ್ ಆದ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಹೆಚ್ಚಿನವರಿಗೆ ವಾರಗಳಲ್ಲಿ ಮಾತು ಮರಳುತ್ತದೆ, ಆದರೂ ಹಿಂದಿನಷ್ಟು ಸಲೀಸಾಗಿ ಬರುವುದು ತಡ. ಇದನ್ನು ಮೊದಲೇ ಹೇಳಿದ್ದರೂ ಮನೆಯವರಿಗೆ ಅದು ಗಾಬರಿಯ ಕಾಲ. "ಮಾತಿನ ನರ ಕತ್ತರಿಸ್ಯಾರ" ಅಂತ ವಾರ್ಡ್ ತುಂಬ ಸುದ್ದಿ. ಮೂರನೇ ವಾರ ಆಯಿ ಅಂತ ಅಜ್ಜಿಯನ್ನು ಕರೆದ. ಆಮೇಲೆ ನೀರು ಕೇಳಿದ.

ಗಡ್ಡೆಯ ಜಾತಿ

ರಿಪೋರ್ಟ್ ಬಂತು: ಮೆಡುಲ್ಲೋಬ್ಲಾಸ್ಟೋಮಾ. ಮಕ್ಕಳ ಮೆದುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಜಾಸ್ತಿ ಕಾಣುವುದು ಇದೇ. 1925ರಲ್ಲಿ ಅಮೆರಿಕದ ಬೈಲಿ ಮತ್ತು ಕುಶಿಂಗ್ ಇದಕ್ಕೆ ಈ ಹೆಸರು ಕೊಟ್ಟರು. ಆಗೆಲ್ಲ ಎಷ್ಟು ಚೆನ್ನಾಗಿ ಆಪರೇಷನ್ ಮಾಡಿದರೂ ಗಡ್ಡೆ ಮರಳಿ ಬರುತ್ತಿತ್ತು, ಮಕ್ಕಳು ಉಳಿಯುತ್ತಿರಲಿಲ್ಲ. ಚಿತ್ರ ಬದಲಾಗಿದ್ದು ರೇಡಿಯೇಷನ್‌ನಿಂದ. ಬರೀ ಗಡ್ಡೆಯ ಜಾಗಕ್ಕೆ ಕೊಟ್ಟರೆ ಸಾಲದು, ಇಡೀ ಮೆದುಳು ಮತ್ತು ಬೆನ್ನುಹುರಿಗೆ ಕೊಡಬೇಕು ಅಂತ 1953ರಲ್ಲಿ ಇಂಗ್ಲೆಂಡಿನ ಪ್ಯಾಟರ್ಸನ್ ಮತ್ತು ಫಾರ್ ತೋರಿಸಿದರು. ಈ ಗಡ್ಡೆ ಮೆದುಳಿನ ನೀರಿಗೆ ಅಂಟಿಕೊಂಡೇ ಬೆಳೆಯುತ್ತದೆ. ಅದರ ಕೋಶಗಳು ಉದುರಿ ಆ ನೀರಿನ ಜೊತೆ ಬೆನ್ನಿನ ತಳದವರೆಗೆ ಹೋಗಬಲ್ಲವು. ಸ್ಕ್ಯಾನ್‌ನಲ್ಲಿ ಕಾಣುವಷ್ಟು ದೊಡ್ಡವಾಗುವ ತನಕ ಅವು ಇವೆ ಅಂತಲೂ ಗೊತ್ತಾಗುವುದಿಲ್ಲ.

ತಮ್ಮನ ಬೆನ್ನಿನ ಎಂಆರ್‌ಐ ಸ್ವಚ್ಛವಾಗಿತ್ತು. ಬೆನ್ನಿನಿಂದ ತೆಗೆದ ನೀರಿನಲ್ಲೂ ಗಡ್ಡೆಯ ಕೋಶ ಸಿಗಲಿಲ್ಲ. ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಮುಂಬೈಗೆ ಹೋಗಿ ಬಂತು. ಈಗ ಈ ಕಾಯಿಲೆಯನ್ನು ಒಂದೇ ಅಂತ ಯಾರೂ ನೋಡುವುದಿಲ್ಲ. ಒಳಗಿನ ಜೀನ್ ನೋಡಿ ನಾಲ್ಕು ಗುಂಪು ಮಾಡುತ್ತಾರೆ: ಡಬ್ಲ್ಯುಎನ್‌ಟಿ, ಎಸ್‌ಎಚ್‌ಎಚ್ (ಇವೆರಡು ಕೋಶದೊಳಗಿನ ಸಂದೇಶದ ದಾರಿಗಳ ಹೆಸರು), ಗುಂಪು 3, ಗುಂಪು 4. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಜೀನ್ ಆಧಾರದ ಈ ವಿಂಗಡಣೆ ಸೇರಿದ್ದು 2016ರಲ್ಲಿ. ಸೂಕ್ಷ್ಮದರ್ಶಕದಡಿ ನಾಲ್ಕನ್ನೂ ಬೇರೆ ಮಾಡುವುದು ಕಷ್ಟ. ಆದರೆ ರೇಡಿಯೇಷನ್ ಬಿದ್ದಾಗ ನಾಲ್ಕರ ನಡವಳಿಕೆ ಬೇರೆ ಬೇರೆ. ಡಬ್ಲ್ಯುಎನ್‌ಟಿ ಗುಂಪಿನ ಮಕ್ಕಳು ಪೂರ್ತಿ ಚಿಕಿತ್ಸೆ ಪಡೆದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಉಳಿಯುತ್ತಾರೆ. ಎಸ್‌ಎಚ್‌ಎಚ್ ಗುಂಪಿನಲ್ಲಿ ಪಿ53 ಅನ್ನುವ ಜೀನ್ ಕೆಟ್ಟಿದ್ದರೆ ಅದೇ ಡೋಸ್‌ಗೆ ಗಡ್ಡೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ತಮ್ಮನದು ಗುಂಪು 4. ಗಂಡು ಹುಡುಗರಲ್ಲಿ ಜಾಸ್ತಿ, ಅವನ ವಯಸ್ಸಿಗೆ ಮಾಮೂಲು, ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ತಡವಾಗಿ ಮರಳುವ ಅಭ್ಯಾಸವೂ ಈ ಗುಂಪಿಗೆ ಇದೆ.

ಡೋಸ್ ನಿಗದಿಯಾಯಿತು. ಇಡೀ ಮೆದುಳು ಮತ್ತು ಬೆನ್ನಿಗೆ 23.4 ಗ್ರೇ (ಕಿರಣದ ಡೋಸ್ ಅಳೆಯುವ ಮಾನ), ಗಡ್ಡೆ ಇದ್ದ ಜಾಗಕ್ಕೆ ಒಟ್ಟು 54 ಗ್ರೇ. ದಿನಕ್ಕೆ 1.8 ಗ್ರೇ, ವಾರಕ್ಕೆ ಐದು ದಿನ. ಮೊದಲ 13 ಡೋಸ್ ಮೆದುಳು ಮತ್ತು ಬೆನ್ನಿಗೆ, ಉಳಿದ 17 ಗಡ್ಡೆಯ ಜಾಗಕ್ಕೆ. ಜೊತೆಗೆ ವಾರಕ್ಕೊಂದು ವಿನ್‌ಕ್ರಿಸ್ಟಿನ್ ಅನ್ನುವ ಕಿಮೋ ಇಂಜೆಕ್ಷನ್. ಆಪರೇಷನ್ ಆದ ಐದನೇ ವಾರಕ್ಕೆ ಶುರು ಮಾಡಿದೆವು. ಏಳು ವಾರ ದಾಟಿದರೆ ಫಲ ಕಡಿಮೆ ಅನ್ನುವುದು ಈ ಕಾಯಿಲೆಯಲ್ಲಿ ಗೊತ್ತಿರುವ ಮಾತು. ಮಾತು ಪೂರ್ತಿ ಬರಲಿ ಅಂತ ಕಾಯಲಿಲ್ಲ.

ಕಿರಣ ಬಿದ್ದಾಗ ಕೋಶದೊಳಗೆ

ಊರ ಕಡೆ ಇದಕ್ಕೆ ಕರೆಂಟ್ ಕೊಡೋದು ಅಂತಾರೆ. ಹಾಗಾಗಿ ಗಡ್ಡೆ ಸುಟ್ಟು ಹೋಗುತ್ತದೆ ಅನ್ನುವುದೇ ಎಲ್ಲರ ಕಲ್ಪನೆ. ಹಾಗೇನೂ ಇಲ್ಲ. 1.8 ಗ್ರೇ ಬಿದ್ದಾಗ ಆ ಜಾಗದ ಬಿಸಿ ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಪಾಲಿನಷ್ಟೂ ಏರುವುದಿಲ್ಲ. ಹುಡುಗನಿಗೆ ಏನೂ ಗೊತ್ತಾಗುವುದಿಲ್ಲ. ಅವನಿಗೆ ಬೇಜಾರಿದ್ದದ್ದು ಮಾಸ್ಕ್ ಬಗ್ಗೆ. ಬಿಸಿ ನೀರಲ್ಲಿ ಅದ್ದಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖದ ಮೇಲೆ ಎಳೆದು ಕೂರಿಸುತ್ತಾರೆ. ಆರಿದರೆ ಅದೇ ಮುಖದ ಅಚ್ಚು. ದಿನಾ ಅದನ್ನು ಟೇಬಲ್‌ಗೆ ಬಿಗಿದು, ತಲೆ ಅಲ್ಲಾಡದ ಹಾಗೆ ಮಾಡುತ್ತಾರೆ. ತೆಗೆದ ಮೇಲೂ ಹಣೆ, ಗಲ್ಲದ ಮೇಲೆ ಚೌಕ ಚೌಕ ಗುರುತು ಸ್ವಲ್ಪ ಹೊತ್ತು ಉಳಿಯುತ್ತದೆ. ಆಪರೇಷನ್ ಹೊತ್ತಿನ ಸ್ಟೀರಾಯ್ಡ್‌ನಿಂದ ಉಬ್ಬಿದ್ದ ಗಲ್ಲ ಎರಡನೇ ವಾರ ಇಳಿದು ಮಾಸ್ಕ್ ಸಡಿಲಾಯಿತು. ಹೊಸದು ಮಾಡಿಸಿ, ಮತ್ತೆ ಸ್ಕ್ಯಾನ್ ಮಾಡಿ ಪ್ಲಾನ್ ಸರಿಪಡಿಸಿದೆವು. ದೊಡ್ಡವರ ಲೆಕ್ಕದಲ್ಲಿ ಇದು ಸಣ್ಣ ವಿಷಯ. ಕಣ್ಣು, ಕಿವಿ, ಮೆದುಳಿನ ಕಾಂಡ ಬೆರಳಂತರದಲ್ಲಿರುವ ಎಂಟು ವರ್ಷದ ತಲೆಯಲ್ಲಿ ಮೂರು ಮಿಲಿಮೀಟರ್ ಸರಿದಾಡುವುದು ಸಣ್ಣದಲ್ಲ.

ಕಿರಣದ ಕೆಲಸ ಇಷ್ಟು. ಜೀವಕೋಶದಲ್ಲಿ ಹೆಚ್ಚಿಗೆ ಇರುವುದು ನೀರು. ಎಕ್ಸ್‌ರೇ ಆ ನೀರನ್ನು ಒಡೆಯುತ್ತದೆ. ಒಡೆದ ಚೂರುಗಳು ಡಿಎನ್‌ಎ ಮೇಲೆ ಬೀಳುತ್ತವೆ. ಹಾನಿಯ ಸುಮಾರು ಮೂರರಲ್ಲಿ ಎರಡು ಪಾಲು ಈ ದಾರಿಯಿಂದ, ಉಳಿದದ್ದು ನೇರ ಏಟು. ಡಿಎನ್‌ಎಯ ಒಂದೇ ಎಳೆ ತುಂಡಾದರೆ ಕೋಶ ಸಲೀಸಾಗಿ ಹೊಲಿದುಕೊಳ್ಳುತ್ತದೆ. ಎರಡೂ ಎಳೆ ಒಂದೇ ಕಡೆ ತುಂಡಾದರೆ ಕಷ್ಟ. ಒಂದು ಗ್ರೇಗೆ ಒಂದು ಕೋಶದಲ್ಲಿ ಇಂಥ ಜೋಡಿ ತುಂಡು ಮೂವತ್ತು ನಲವತ್ತು ಆಗುತ್ತವೆ. ಅಂದರೆ ತಮ್ಮನ ಒಂದು ದಿನದ ಡೋಸ್‌ಗೆ ಅರವತ್ತರ ಆಸುಪಾಸು.

ಇದಕ್ಕೆ ಆಮ್ಲಜನಕವೂ ಬೇಕು. ಆಮ್ಲಜನಕ ಇದ್ದರೆ ಹಾನಿ ಗಟ್ಟಿಯಾಗಿ ಉಳಿಯುತ್ತದೆ. ಇಲ್ಲದ ಜಾಗದ ಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕಾಗುತ್ತದೆ. ಹಿಮೋಗ್ಲೋಬಿನ್ ಹತ್ತರ ಕೆಳಗೆ ಇಳಿಯದಂತೆ ನೋಡಿಕೊಳ್ಳುವ ರೂಢಿ ಬಂದದ್ದು ಈ ಯೋಚನೆಯಿಂದ. ತಮ್ಮನಿಗೆ ಮೂರನೇ ವಾರ ಒಂದು ಬಾಟಲಿ ರಕ್ತ ಹಾಕಿದ್ದೂ ಅದಕ್ಕೇ. "ರಕ್ತ ಯಾಕ ಇಳೀತು, ಉಣ್ಣಾಕ ಕಡಿಮಿ ಆತೇನ್ರಿ?" ಅಂತ ಅಜ್ಜಿ ಕೇಳಿದರು. ಊಟದಿಂದಲ್ಲ. ಬೆನ್ನುಮೂಳೆಯೊಳಗೆ ರಕ್ತ ತಯಾರಾಗುತ್ತದೆ, ಕಿರಣ ಅಲ್ಲೂ ಹೋಗಿದೆ.

ತುಂಡಾದ ಮೇಲೆ ಕೋಶ ಏನು ಮಾಡುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಎಟಿಎಂ ಅನ್ನುವ ಪ್ರೋಟೀನ್ ಮೊದಲು ಹಾನಿಯನ್ನು ಗುರುತಿಸುತ್ತದೆ. ಅದು ಪಿ53ಯನ್ನು ಎಬ್ಬಿಸುತ್ತದೆ. ಪಿ53 ಕೋಶದ ವಿಭಜನೆ ತಡೆಯುತ್ತದೆ: ರಿಪೇರಿ ಆಗುವವರೆಗೆ ನಿಲ್ಲು. ರಿಪೇರಿ ಆಗದಿದ್ದರೆ ಸಾಯಿ. ಮೆಡುಲ್ಲೋಬ್ಲಾಸ್ಟೋಮಾದ ಬಹಳಷ್ಟು ಕೋಶಗಳು ಈ ಆಜ್ಞೆ ಕೇಳಿ ಕೆಲವೇ ಗಂಟೆಗಳಲ್ಲಿ ತಾವಾಗಿಯೇ ಸಾಯುತ್ತವೆ. ದೊಡ್ಡವರ ಮೆದುಳಿನ ಗ್ಲಿಯೋಬ್ಲಾಸ್ಟೋಮಾ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇನ್ನು ಕೆಲವು ಕೋಶ ಮುರಿದ ಡಿಎನ್‌ಎ ಹೊತ್ತುಕೊಂಡೇ ಎರಡಾಗಲು ಹೋಗುತ್ತವೆ. ಎಳೆಗಳು ಸಿಕ್ಕು ಬಿದ್ದು, ಒಂದೆರಡು ಸುತ್ತು ಒಡೆಯುವಷ್ಟರಲ್ಲಿ ಸಾಯುತ್ತವೆ. ಇದಕ್ಕೆ ದಿನಗಳು, ವಾರಗಳು ಬೇಕು. ಪಿ53 ಕೆಟ್ಟ ಗಡ್ಡೆಯಲ್ಲಿ ಸಾಯಿ ಅನ್ನುವ ಆಜ್ಞೆಯೇ ಹೊರಡುವುದಿಲ್ಲ, ಅದಕ್ಕೇ ಅಲ್ಲಿ ಫಲ ಕಡಿಮೆ.

ಮೂರನೆಯ ಥರದವು ನಮಗೆ ತೊಂದರೆ ಕೊಡುವ ಕೋಶಗಳು. ಇವು ಸಾಯುವುದೂ ಇಲ್ಲ, ಒಡೆದು ಎರಡಾಗುವುದೂ ಇಲ್ಲ. ಸುಮ್ನೆ ನಿಲ್ಲುತ್ತವೆ, ರಿಪೇರಿ ಮಾಡಿಕೊಳ್ಳುತ್ತವೆ, ಮತ್ತೆ ಹೊರಡುತ್ತವೆ. ಇಲಿಯ ಮೆಡುಲ್ಲೋಬ್ಲಾಸ್ಟೋಮಾದಲ್ಲಿ ಮಾಡಿದ, 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಗಡ್ಡೆಯ ದೊಡ್ಡ ಪಾಲು ಕೋಶಗಳು ಕಿರಣಕ್ಕೆ ಸತ್ತವು. ರಕ್ತನಾಳಗಳ ಸುತ್ತ ಅಂಟಿಕೊಂಡಿದ್ದ ಮೂಲಕೋಶದಂಥ (ಹೊಸ ಕೋಶಗಳನ್ನು ಹುಟ್ಟಿಸಬಲ್ಲ) ಒಂದು ಗುಂಪು ಮಾತ್ರ ಬದುಕಲು ನೆರವಾಗುವ ಪಿಐ3ಕೆ ಅನ್ನುವ ಸಂದೇಶದ ದಾರಿ ಚಾಲೂ ಮಾಡಿಕೊಂಡು ವಿಭಜನೆ ನಿಲ್ಲಿಸಿತು. 72 ಗಂಟೆ ಹೊತ್ತಿಗೆ ಮತ್ತೆ ಒಡೆಯಲು ಶುರು. ಅಲ್ಲಿ ಪಿ53 ಸರಿಯಾಗಿಯೇ ಇತ್ತು. ಇವುಗಳನ್ನು ಬದುಕಿಸಿದ್ದೇ ಅದು ಹಾಕಿದ ತಡೆ. ಇಲಿಯದ್ದನ್ನು ಹಾಗೇ ಮಗುವಿಗೆ ಅನ್ವಯಿಸಬಾರದು, ನಿಜ. ಆದರೆ ಶುಕ್ರವಾರದ ಡೋಸ್‌ಗೂ ಸೋಮವಾರದ್ದಕ್ಕೂ ನಡುವೆ ಇರುವುದು ಹೆಚ್ಚುಕಡಿಮೆ 72 ಗಂಟೆಯೇ ಅಂತ ಗೊತ್ತಾದ ಮೇಲೆ ರಜೆಯ ಅರ್ಜಿಗಳನ್ನು ನಾನು ಬೇರೆ ಕಣ್ಣಲ್ಲಿ ನೋಡುತ್ತೇನೆ.

ಹಾಗಾದರೆ ಒಂದೇ ಸಲ ದೊಡ್ಡ ಡೋಸ್ ಕೊಟ್ಟು ಮುಗಿಸಬಹುದಲ್ವಾ? ಮಗುವಿನ ಒಳ್ಳೆ ಮೆದುಳೂ ಅದೇ ದಾರಿಯಲ್ಲಿದೆ, ತೊಡಕು ಅಲ್ಲಿ. ಒಳ್ಳೆಯ ಕೋಶಗಳು ಸಣ್ಣ ಡೋಸ್‌ನ ಹಾನಿಯನ್ನು ಗಂಟೆಗಳಲ್ಲಿ ಬಹುಪಾಲು ರಿಪೇರಿ ಮಾಡಿಕೊಳ್ಳುತ್ತವೆ. ಗಡ್ಡೆಯ ಕೋಶಗಳಿಗೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಒಂದು ಸಲದ ಡೋಸ್ ದೊಡ್ಡದಾದಷ್ಟೂ ಈ ವ್ಯತ್ಯಾಸ ಅಳಿಸುತ್ತದೆ. ವರ್ಷಗಳ ನಂತರ ಬರುವ ತೊಂದರೆಗಳು ಒಂದು ಸಲಕ್ಕೆ ಎಷ್ಟು ಕೊಟ್ಟಿರಿ ಅನ್ನುವುದನ್ನೇ ಹೆಚ್ಚು ಅವಲಂಬಿಸಿವೆ.

ಹದಿನೈದು ದಿನದ ಲೆಕ್ಕ

ಅಪ್ಪನ ಎದುರು ಕಾಗದ ಇಟ್ಟು ಲೆಕ್ಕ ಮಾಡಿದೆ. ಒಂದು ಗ್ರಾಂ ಗಡ್ಡೆಯಲ್ಲಿ ಅಂದಾಜು ನೂರು ಕೋಟಿ ಕೋಶ ಇರುತ್ತವೆ ಅನ್ನಿ. ಒಂದು ಡೋಸ್‌ಗೆ ಅರ್ಧ ಸಾಯುತ್ತವೆ ಅಂತ ಇಟ್ಟುಕೊಳ್ಳೋಣ. ಹತ್ತು ಡೋಸ್‌ಗೆ ಸಾವಿರದಲ್ಲಿ ಒಂದು ಉಳಿಯುತ್ತದೆ. ಇಪ್ಪತ್ತಕ್ಕೆ ಹತ್ತು ಲಕ್ಷದಲ್ಲಿ ಒಂದು. ಮೂವತ್ತಕ್ಕೆ ನೂರು ಕೋಟಿಯಲ್ಲಿ ಒಂದು. ಮೂವತ್ತನೇ ಡೋಸ್ ಕೂಡ ಮೊದಲನೆಯದರಷ್ಟೇ ಮುಖ್ಯ. ಡೋಸ್‌ಗೆ ಅರ್ಧದ ಬದಲು ನೂರಕ್ಕೆ ನಲವತ್ತು ಸತ್ತರೆ? ಮೂವತ್ತು ಡೋಸ್ ಆದ ಮೇಲೆ ಇನ್ನೂರಕ್ಕಿಂತ ಹೆಚ್ಚು ಕೋಶ ಜೀವಂತ. ಗುಂಪು ಗುಂಪಿಗೆ ಫಲ ಯಾಕೆ ಅಷ್ಟು ಬೇರೆ ಅನ್ನುವುದು ಈ ಒಂದು ಗುಣಾಕಾರದಲ್ಲೇ ಕಾಣುತ್ತದೆ.

ಈಗ ನಡುವೆ ಹದಿನೈದು ದಿನ ಬಿಡಿ. ಉಳಿದ ಕೋಶಗಳು ಮೂರು ದಿನಕ್ಕೊಮ್ಮೆ ಎರಡಾದವು ಅಂದುಕೊಂಡರೆ, ಹದಿನೈದು ದಿನಕ್ಕೆ ಐದು ಸಲ. ಮೂವತ್ತೆರಡು ಪಟ್ಟು. ಐದು ಡೋಸ್ ಕೊಟ್ಟದ್ದು ವಾಪಸ್ ಹೋಯಿತು. ಇದು ತಿಳಿಸಲು ಹಾಕಿದ ಲೆಕ್ಕ, ಅಳೆದದ್ದಲ್ಲ. ಎಲ್ಲ ಗಡ್ಡೆಯೂ ಅಷ್ಟು ಬೇಗ ಬೆಳೆಯುವುದಿಲ್ಲ. ಆದರೆ ದಿಕ್ಕು ಅದೇ.

ಅವರು ಸ್ವಲ್ಪ ಹೊತ್ತು ಕಾಗದ ನೋಡಿದರು. "ಅಂದ್ರ ಕೂಳೆ ಕಬ್ಬಿನಂಗ ಅನ್ರಿ. ಮ್ಯಾಲ ಕಡದೀವಂದ್ರ ಮುಗೀಲಿಲ್ಲ. ಬುಡದಾಗಿಂದ ಮತ್ತ ಚಿಗರತೈತಿ." ಕಬ್ಬು ಬೆಳೆಯುವವರಿಗೆ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಬರೀ ಕಾಗದದ ಲೆಕ್ಕವೂ ಅಲ್ಲ ಇದು. ಯುರೋಪಿನಲ್ಲಿ ಇದೇ ಕಾಯಿಲೆಯ ಮಕ್ಕಳಲ್ಲಿ ನಡೆದ ಪಿಎನ್‌ಇಟಿ-3 ಅಧ್ಯಯನದ ಫಲ 2003ರಲ್ಲಿ ಬಂತು. ರೇಡಿಯೇಷನ್ 50 ದಿನದೊಳಗೆ ಮುಗಿಸಿದ ಮಕ್ಕಳಲ್ಲಿ ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಇದ್ದವರು ಶೇ 78ರಷ್ಟು. ಅದಕ್ಕಿಂತ ಜಾಸ್ತಿ ದಿನ ಎಳೆದವರಲ್ಲಿ ಶೇ 54ರಷ್ಟು. ತಮ್ಮನ ಚಿಕಿತ್ಸೆ ನಡುವೆ ತಪ್ಪದೆ ನಡೆದರೆ 42 ದಿನಕ್ಕೆ ಮುಗಿಯುತ್ತದೆ. ಹದಿನೈದು ಸೇರಿಸಿದರೆ 57.

ಬಂದ ಮೇಲೆ ಹೆಚ್ಚು ಹೆಚ್ಚು ಕೊಟ್ಟು ಸರಿದೂಗಿಸಿ ಅಂತ ಅವರು ಕೇಳಿದರು. ಮೆದುಳಿಗೆ ಯಾಕೆ ಹಾಗೆ ಮಾಡಲಾಗದು ಅಂತ ಮೇಲೆ ಹೇಳಿದೆನಲ್ಲ, ಅದನ್ನೇ ಹೇಳಿದೆ.

ಜೊತೆಗೆ ಬಂದಿದ್ದ ಸೋದರಮಾವ ಮೊಬೈಲಿನಲ್ಲಿ ಓದಿಕೊಂಡಿದ್ದರು. ಅವರ ಪ್ರಶ್ನೆ ಬೇರೆ, ಒಳ್ಳೆಯ ಪ್ರಶ್ನೆ. ಗಡ್ಡೆ ಇದ್ದದ್ದು ತಲೆಯಲ್ಲಿ, ಬೆನ್ನಲ್ಲಿ ಏನೂ ಸಿಕ್ಕಿಲ್ಲ. ಬೆನ್ನಿಗೆ ಸ್ವಲ್ಪ ಕಡಿಮೆ ಕೊಟ್ಟರೆ ಆಗಲ್ವಾ? ಇದನ್ನು ಅಮೆರಿಕದಲ್ಲಿ ಮಕ್ಕಳ ಮೇಲೆ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಮೂರರಿಂದ ಏಳು ವರ್ಷದ ಮಕ್ಕಳಲ್ಲಿ 23.4 ಗ್ರೇ ಬದಲು 18 ಕೊಟ್ಟರು. 2021ರಲ್ಲಿ ಬಂದ ಫಲ ಹೇಳಿದ್ದು, 18 ಪಡೆದವರಲ್ಲಿ ಕಾಯಿಲೆ ಮರಳಿದ್ದು ಜಾಸ್ತಿ. ಗುಣಾಕಾರ ಇಲ್ಲೂ ಅದೇ: ಹದಿಮೂರು ಡೋಸ್ ಹತ್ತಾದರೆ ಉಳಿಯುವ ಕೋಶ ಎಂಟು ಪಟ್ಟು. ಆದರೆ ಗಡ್ಡೆಯ ಜಾಗಕ್ಕೆ ಕೊಡುವ ಹೆಚ್ಚುವರಿ ಡೋಸ್‌ನ (ಬೂಸ್ಟ್) ಹರವನ್ನು ಕಿರಿದು ಮಾಡಿದ್ದರಿಂದ ತೊಂದರೆ ಆಗಲಿಲ್ಲ. ಅದನ್ನು ತಮ್ಮನಿಗೂ ಮಾಡಿದ್ದೇವೆ. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ, ಎಲ್ಲಕ್ಕಿಂತ ಒಳ್ಳೆ ಗುಂಪಾದ ಡಬ್ಲ್ಯುಎನ್‌ಟಿ ಮಕ್ಕಳಿಗೆ ಬೆನ್ನು ಬಿಟ್ಟು ಬರೀ ಗಡ್ಡೆಯ ಜಾಗಕ್ಕೆ ಕೊಟ್ಟು ನೋಡಿದರು. ಬೇರೆ ಕಡೆ ಕಾಯಿಲೆ ಮರಳಿದ್ದರಿಂದ ಆ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಒಳ್ಳೆ ಗುಂಪಿನ ಫಲ ಒಳ್ಳೆಯದು, ನಿಜ. ಪೂರ್ತಿ ಚಿಕಿತ್ಸೆ ಪಡೆದಾಗಿನ ಮಾತು ಅದು.

ಕೊನೆಗೆ ಆದದ್ದು

ಅಮಾವಾಸ್ಯೆ ಸೋಮವಾರ ಬಿದ್ದಿತ್ತು. ಶುಕ್ರವಾರದ ಡೋಸ್ ಮುಗಿಸಿ ಹೋಗಿ, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮಾಸ್ಕ್ ಹಾಕಲು ಹಾಜರಿರಬೇಕು ಅಂತ ಒಪ್ಪಂದವಾಯಿತು. ರಕ್ತ ಪರೀಕ್ಷೆ ನೋಡಿಯೇ ಕಳಿಸಿದೆ. ಹುಡುಗನನ್ನು ಮಂದಿ ನಡುವೆ ಕೂರಿಸಬೇಡಿ, ಜ್ವರ ಬಂದರೆ ಮುಧೋಳದಲ್ಲಿ ಕಾಯಬೇಡಿ ಅಂತ ಎರಡೇ ಮಾತು ಹೇಳಿದ್ದು. ತಂಗಿ ಜೊತೆ ಮಲಗಿಸಬಹುದಾ, ಅವನ ಮೈಯಲ್ಲಿ ಕರೆಂಟ್ ಉಳಿದಿರುತ್ತಾ ಅಂತ ಅವ್ವ ಕೇಳಿದರು. ಉಳಿಯುವುದಿಲ್ಲ, ಮಲಗಿಸಿ ಅಂದೆ. ಹುಣ್ಣಿಮೆಗೆ ಅಜ್ಜಿ ಒಬ್ಬರೇ ಹೋಗುವುದು ಅಂತಾಯಿತು. ಅವರಿಗೆ ಸಮಾಧಾನ ಇರಲಿಲ್ಲ. "ಹುಡುಗನ್ನ ಕರಕೊಂಡ ಬರ್ತೀನಿ ಅಂತ ಬೇಡಿಕೊಂಡೀನವ್ವಾ, ನಾ ಒಬ್ಬಾಕಿನ ಹೋದ್ರ ಹೆಂಗ?" ಮುಂದಿನ ವರ್ಷದ ಜಾತ್ರೆಗೆ ಅವನೇ ಬರಲಿ ಅಂತ ಮಗ ಹೇಳಿದ ಮೇಲೆ ಸುಮ್ಮನಾದರು. ನಾನು ಆ ಮಾತಿಗೆ ಹೋಗಲಿಲ್ಲ.

ಮಂಗಳವಾರ ಬಂದರು. ಹತ್ತರ ಬದಲು ಹನ್ನೆರಡಾಗಿತ್ತು, ಅಷ್ಟೇ. ಡಬ್ಬಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ತಮ್ಮನಿಗೆ ಗಂಟಲು ಕೆಂಪಾಗಿತ್ತು, ಬೆನ್ನಿನ ಕಿರಣ ಗಂಟಲನ್ನೂ ಹಾದು ಹೋಗುತ್ತದೆ. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿಂದ.

ತಪ್ಪಿದ್ದು ಅದೊಂದೇ ದಿನ ಆಗಿದ್ದರೆ ಚೆನ್ನಾಗಿತ್ತು. ಅದಕ್ಕೂ ಮುಂಚೆ ಕ್ರಿಸ್‌ಮಸ್ ರಜೆ ಒಂದು ದಿನ ತಿಂದಿತ್ತು. ಜನವರಿಯಲ್ಲಿ ಮಶೀನ್ ಕೆಟ್ಟು ಎರಡು ದಿನ ಹೋಯಿತು. ಒಟ್ಟು ನಾಲ್ಕು. ಬಡವರ ಮಗು ಊರಿಗೆ ಹೋದರೆ ಚಿಕಿತ್ಸೆ ತಪ್ಪಿಸಿದ ಅಂತ ಫೈಲಿನಲ್ಲಿ ಬರೆಯುತ್ತಾರೆ. ಮಶೀನ್ ನಿಂತರೆ ತಾಂತ್ರಿಕ ಕಾರಣ ಅಂತ ಬರೆಯುತ್ತಾರೆ. ಗಡ್ಡೆಯ ಕೋಶಕ್ಕೆ ಎರಡೂ ಒಂದೇ. ಒಂದು ಶನಿವಾರ ಮಶೀನ್ ಓಡಿಸಿ ಒಂದು ಡೋಸ್ ತುಂಬಿಸಿಕೊಂಡೆವು. ಇನ್ನೊಂದು ದಿನ ಬೆಳಿಗ್ಗೆ ಎಂಟಕ್ಕೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು ಕೊಟ್ಟೆವು. ಎರಡರ ನಡುವೆ ಕನಿಷ್ಠ ಆರು ಗಂಟೆ ಇರಲೇಬೇಕು, ಒಳ್ಳೆಯ ಕೋಶಗಳ ರಿಪೇರಿಗೆ ಅಷ್ಟು ಹೊತ್ತು ಬೇಕು. ಉಳಿದ ಎರಡು ದಿನ ಕೊನೆಗೆ ಸೇರಿಕೊಂಡವು. ಮೂವತ್ತೂ ಡೋಸ್ 44ನೇ ದಿನಕ್ಕೆ ಮುಗಿದವು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಖರ್ಚು ಆಯುಷ್ಮಾನ್ ಯೋಜನೆಯಲ್ಲೇ ಹೋಯಿತು. ಬೆಳಗಾವಿಯಲ್ಲಿ ಆರು ವಾರ ಉಳಿಯುವ ಖರ್ಚು, ಬಿಟ್ಟ ದುಡಿಮೆ ಯಾವ ಯೋಜನೆಯಲ್ಲೂ ಬರುವುದಿಲ್ಲ. ಜನ ನಡುವೆ ಊರಿಗೆ ಹೋಗುವುದು ಹಬ್ಬಕ್ಕಿಂತ ಜಾಸ್ತಿ ಇದಕ್ಕೇ.

ಮುಗಿದ ಮೇಲಿನದು

ಮಾರ್ಚ್‌ನಲ್ಲಿ ಅಪ್ಪನ ಫೋನು. "ಹುಡುಗ ಎದ್ದಾಳವಲ್ಲನ್ರಿ. ಉಣ್ಣಾಕ ಎಬ್ಬಿಸಿದ್ರೂ ಕುಂತಲ್ಲೇ ಮಲಗ್ತಾನ. ಮತ್ತ ಬಂತೇನ್ರಿ?" ಕರೆಸಿ ನೋಡಿದೆವು. ವಾಂತಿಯಿಲ್ಲ, ನಡಿಗೆ ಮೊದಲಿಗಿಂತ ಚೆನ್ನಾಗಿದೆ, ಕಣ್ಣಿನ ನರ ಸರಿಯಿದೆ. ತಲೆಗೆ ರೇಡಿಯೇಷನ್ ಆದ ನಾಲ್ಕರಿಂದ ಎಂಟು ವಾರಕ್ಕೆ ಕೆಲವು ಮಕ್ಕಳಿಗೆ ಹೀಗೆ ನಿದ್ದೆ ಹತ್ತುತ್ತದೆ. ನರಗಳ ಮೇಲಿನ ಹೊದಿಕೆ ಮಾಡುವ ಕೋಶಗಳಿಗೆ ಆದ ತಾತ್ಕಾಲಿಕ ಪೆಟ್ಟು ಇದಕ್ಕೆ ಕಾರಣ ಅಂತ ನಂಬಿಕೆ. ಎಂಆರ್‌ಐನಲ್ಲಿ ಗಡ್ಡೆ ಇರಲಿಲ್ಲ. ಎರಡು ವಾರದಲ್ಲಿ ತಾನಾಗಿಯೇ ಸರಿಹೋಯಿತು.

ಒಳ್ಳೆಯ ಮೆದುಳಿನ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಬೆಳೆದು ನಿಂತ ನರಕೋಶಗಳು ಒಡೆದು ಎರಡಾಗುವುದಿಲ್ಲ, ಹಾಗಾಗಿ ಕಿರಣವನ್ನು ತಾಳಿಕೊಳ್ಳುತ್ತವೆ. ಮಗುವಿನ ಮೆದುಳಿನಲ್ಲಿ ಇನ್ನೂ ಒಡೆಯುತ್ತಿರುವ ಕೋಶಗಳಿವೆ. ನೆನಪಿನ ಜಾಗವಾದ ಹಿಪ್ಪೊಕ್ಯಾಂಪಸ್‌ನ ಮೂಲಕೋಶಗಳು, ಹೊದಿಕೆ ಮಾಡುವ ಕೋಶಗಳ ಮರಿಗಳು. ಒಡೆಯುವ ಕೋಶ ಅನ್ನುವ ಕಾರಣಕ್ಕೆ ಗಡ್ಡೆ ಸತ್ತರೆ, ಅದೇ ಕಾರಣಕ್ಕೆ ಇವೂ ಸಾಯುತ್ತವೆ. ಮಗು ಚಿಕ್ಕದಾದಷ್ಟೂ ನಷ್ಟ ಜಾಸ್ತಿ. ಮೂರು ವರ್ಷದೊಳಗಿನ ಮಕ್ಕಳಿಗೆ ಇಡೀ ಮೆದುಳು, ಬೆನ್ನಿನ ರೇಡಿಯೇಷನ್ ಆದಷ್ಟು ತಪ್ಪಿಸಿ, ಕಿಮೋ ಮೇಲೆ ದೂಡುವುದು ಇದಕ್ಕೇ.

ತಮ್ಮನ ರೇಡಿಯೇಷನ್ ಮುಗಿದು ಈಗ ವರ್ಷ ದಾಟಿದೆ. ಒಂದು ತಿಂಗಳ ಬಿಡುವಿನ ನಂತರ ಶುರುವಾದ ಕಿಮೋವೂ ಮುಗಿದಿದೆ. ಎಂಆರ್‌ಐ ಈವರೆಗೆ ಸ್ವಚ್ಛ. ಮೂರನೇ ಕ್ಲಾಸಿಗೆ ಮತ್ತೆ ಸೇರಿಸಿದ್ದಾರೆ. ಓದುತ್ತಾನೆ, ಅರ್ಥವೂ ಆಗುತ್ತದೆ, ಬರೆಯಲು ತಡ. ಬೋರ್ಡ್ ಅಳಿಸುವಷ್ಟರಲ್ಲಿ ಅರ್ಧ ಆಗಿರುತ್ತದೆ. ಮೆದುಳಿನ ವೇಗ ಮತ್ತು ಕೆಲಸ ಮಾಡುವಾಗ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ನೆನಪು ಮೊದಲು ಸೊರಗುತ್ತವೆ, ಹಾಗಾಗಿ ಪರೀಕ್ಷೆಯಲ್ಲಿ ಸಮಯ ಹೆಚ್ಚು ಕೊಡಿ, ಮುಂದಿನ ಬೆಂಚಿನಲ್ಲಿ ಕೂರಿಸಿ ಅಂತ ಶಾಲೆಗೆ ಪತ್ರ ಕೊಟ್ಟಿದ್ದೇವೆ. ಮುಂದಿನ ಬೆಂಚಿಗೆ ಇನ್ನೊಂದು ಕಾರಣವೂ ಇದೆ. ಸಿಸ್‌ಪ್ಲಾಟಿನ್ ಅನ್ನುವ ಕಿಮೋ ಔಷಧಿ ಮತ್ತು ಕಿರಣ ಸೇರಿ ತೀಕ್ಷ್ಣ ಸದ್ದುಗಳು ಎಡಗಿವಿಗೆ ಸರಿಯಾಗಿ ಕೇಳುತ್ತಿಲ್ಲ.

ಎತ್ತರ ಅಳೆಯುವಾಗ ಈಗ ಎರಡು ಸಲ ಅಳೆಯುತ್ತೇವೆ, ನಿಂತಾಗ ಒಂದು, ಸ್ಟೂಲಿನ ಮೇಲೆ ಕೂತಾಗ ಒಂದು. ಬೆನ್ನುಮೂಳೆಗೆ ಕಿರಣ ಬಿದ್ದ ಮಕ್ಕಳಲ್ಲಿ ಕಾಲು ಬೆಳೆದರೂ ಮುಂಡ ಹಿಂದೆ ಬೀಳುತ್ತದೆ. ಬೆಳವಣಿಗೆಯ ಹಾರ್ಮೋನ್ ಕಡಿಮೆ ಇದ್ದರೆ ಇಂಜೆಕ್ಷನ್ ಕೊಡಬಹುದು. ಚಿಕಿತ್ಸೆ ಮುಗಿದು ಕನಿಷ್ಠ ಒಂದು ವರ್ಷ ಕಾಯಿಲೆ ಮರಳದಿದ್ದರೆ ಆ ಮಾತು. ಅದರ ಖರ್ಚಿಗೆ ದಾರಿ ಹುಡುಕುತ್ತಿದ್ದೇವೆ. ಥೈರಾಯ್ಡ್ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು. ಈ ಸಲ ಕಬ್ಬಿನ ಬಿಲ್ ಬಂದ ಮೇಲೆ ಮಾಡಿಸುತ್ತೇವೆ ಅಂದಿದ್ದರು. ರಕ್ತ ಇಲ್ಲೇ ತೆಗೆಸಿ ಕಳಿಸಿದ್ದೇನೆ, ರಿಪೋರ್ಟ್ ಮುಂದಿನ ವಾರ ಬರುತ್ತದೆ.